ಸಂತ ರೋಕನ ಹಳೆಯ ಕಾಲು

ಮೊನ್ನೆ ಉಡುಪಿಯ ಒಂದು ಫರ್ನಿಚರ್ ಅಂಗಡಿಗೆ ಮಂಚ ನೋಡಲು ಹೋಗಿದ್ದೆ. ಅಂಗಡಿಯವನು ತೇಗ, ತೇಗ ಎಂದು ಬಾಯಿ ತುಂಬ ಹೇಳುತ್ತಿದ್ದ. ಮಾರುವವನು ಅಷ್ಟು ಸಲ ತೇಗ ಎಂದರೆ ಅದು ತೇಗವಲ್ಲ ಎಂದೇ ನನ್ನ ಲೆಕ್ಕಾಚಾರ. ಮೊಣಕಾಲು ನೋವಿದ್ದರೂ ಕುಕ್ಕರುಗಾಲಲ್ಲಿ ಕುಳಿತು, ಪಾಲಿಶು ತಾಗದ ಅಡಿಭಾಗಕ್ಕೆ ಮೂಗು ತಾಗಿಸಿ ನೋಡಿದೆ. ಹಲಸು. ಉಳಿ ಬಿದ್ದ ಹಲಸಿನ ಮರಕ್ಕೆ ಒಂದು ಹುಳಿಸಿಹಿ ವಾಸನೆ ಉಂಟು, ಅದನ್ನು ಯಾವ ಪಾಲಿಶೂ ಪೂರ್ತಿ ಮುಚ್ಚಲಾರದು. ಮಂಚ ಬೇಡವೆಂದು ಹೊರಗೆ ಬಂದೆ. ಬಸ್ಸಿನಲ್ಲಿ ಕುಳಿತ ಮೇಲೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಕಾರ್ಕಳ ಬರುವವರೆಗೂ ಹಳೆಯ ಒಂದು ಮಳೆಗಾಲದ್ದೇ ಯೋಚನೆ.

ಉಡುಪಿ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಷ್ಟೇ ಆಗಿದ್ದ ಕಾಲ ಅದು. ನಾವು ಆಗಲೂ ಕಾರ್ಕಳದ ಹತ್ತಿರದ ಕುಕ್ಕುಂದೂರಿನಲ್ಲೇ ಇದ್ದೆವು. ನನ್ನ ಗಂಡ ವಾಸುದೇವ ಆಚಾರ್ಯರು ಮರದ ಕೆತ್ತನೆಯವರು. ದೇವಸ್ಥಾನದ ಬಾಗಿಲು, ದೈವಗಳ ಮರದ ಮೂರ್ತಿ, ಅದಿಲ್ಲದಾಗ ಮನೆಗಳ ಬಾಗಿಲಿನ ದಾರಂದ, ಕಿಟಕಿ. ನಾನು ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ, ನಿಟ್ಟೆಯ ಹಾಸ್ಟೆಲ್ ಹುಡುಗಿಯರ ಚೂಡಿದಾರ ಹೊಲಿಯುತ್ತಿದ್ದೆ. ಇವರಿಗೆ ಮಾತು ಕಡಿಮೆ, ನನಗೆ ಸಂಶಯ ಜಾಸ್ತಿ. ಹಾಲಿನವನು ಅಳೆಯುವಾಗ ನಾನು ಪಾತ್ರೆ ನೋಡುವುದಿಲ್ಲ, ಅವನ ಮುಖ ನೋಡುತ್ತೇನೆ. ಬಂಗಾರದ ಅಂಗಡಿಯಲ್ಲಿ ತಕ್ಕಡಿಯನ್ನು ಎರಡು ಸಲ ಸೊನ್ನೆಗೆ ತರಿಸುತ್ತೇನೆ. ನಮ್ಮ ಅತ್ತೆ ಇದ್ದಷ್ಟು ದಿನ ನನ್ನನ್ನು ‘ಸಂಶಯದ ಗೂಡು’ ಎಂದೇ ಕರೆದರು, ಬೇಸರದಿಂದ ಏನಲ್ಲ.

ಹೊಲಿಗೆಯನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಲೂಸಿಬಾಯಿ. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಸೂಜಿಗೆ ನೂಲು ಹಾಕಲು ಕೂಡ ಸರಿಯಾಗಿ ಬರುತ್ತಿರಲಿಲ್ಲ. ಅವರ ಹಳೆಯ ಮೆಷಿನ್ನಿನಲ್ಲಿ ಕೂರಿಸಿ, ಬೆರಳಿಗೆ ಸ್ಕೇಲಿನಿಂದ ಹೊಡೆದು ಕಲಿಸಿದರು. ಗಂಡ ತೀರಿಹೋದ ಮೇಲೆ ಮಗಳು ಐರಿನ್ ಜೊತೆ ಇದ್ದರು. ಐರಿನ್ ನಿಟ್ಟೆಯಲ್ಲಿ ಹಾಸ್ಟೆಲ್ ಅಡುಗೆಯ ಉಸ್ತುವಾರಿ ನೋಡುತ್ತಿದ್ದಳು. ಲೂಸಿಬಾಯಿಗೆ ಸಕ್ಕರೆ ಕಾಯಿಲೆ. ಆ ವರ್ಷ ಬೇಸಿಗೆಯಲ್ಲಿ ಎಡಗಾಲಿನ ಬೆರಳಿನ ಅಡಿಗೆ ಏನೋ ಚುಚ್ಚಿ ಹುಣ್ಣಾಯಿತು, ಆದದ್ದು ಮಾಯಲಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು, ಒಂದು ಬೆರಳು ತೆಗೆಯಬೇಕು, ಬಿಟ್ಟರೆ ಮೇಲಕ್ಕೆ ಏರುತ್ತದೆ ಎಂದರು. ಲೂಸಿಬಾಯಿ ಒಪ್ಪಲಿಲ್ಲ. ‘ಫೆಸ್ತ್ ಕಳೆಯಲಿ, ಆಮೇಲೆ ನೋಡುವಾ’ ಎಂದು ಮನೆಗೆ ಬಂದರು.

ಫೆಸ್ತ್ ಎಂದರೆ ಸಂತ ರೋಕನ ಹಬ್ಬ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಹೆಂಚಿನ ಮಾಡಿನ ಒಂದು ಸಣ್ಣ ಪ್ರಾರ್ಥನಾಲಯ ಇತ್ತು. ಎಲ್ಲರೂ ಕಪೆಲ್ ಎನ್ನುತ್ತಿದ್ದರು. ಅಲ್ಲಿ ಮರದಲ್ಲಿ ಕೆತ್ತಿದ ರೋಕನ ಮೂರ್ತಿ, ಎದೆಯೆತ್ತರದ್ದು. ಕೈಯಲ್ಲಿ ಕೋಲು, ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ಆತ ನಿಲುವಂಗಿಯನ್ನು ಸರಿಸಿ ತೊಡೆಯ ಹುಣ್ಣನ್ನು ತೋರಿಸುತ್ತಾನೆ. ರೋಗಿಗಳನ್ನು ನೋಡಿಕೊಳ್ಳುತ್ತಾ ತನಗೇ ರೋಗ ಬಂದು ಕಾಡು ಸೇರಿದವನು, ನಾಯಿ ರೊಟ್ಟಿ ತಂದು ಬದುಕಿಸಿತು ಎಂದು ಕತೆ. ಹುಣ್ಣಾದವರು ಬಂದು ಆ ಮರದ ಹುಣ್ಣಿಗೆ ಹೆಬ್ಬೆರಳಿನಿಂದ ತೆಂಗಿನೆಣ್ಣೆ ಒತ್ತಬೇಕು, ಅದೇ ಬೆರಳನ್ನು ತಮ್ಮ ಹುಣ್ಣಿಗೆ ಒತ್ತಿಕೊಳ್ಳಬೇಕು. ಎಷ್ಟು ತಲೆಮಾರು ಒತ್ತಿದ್ದರೋ, ಅಲ್ಲೊಂದು ಗುಳಿ ಬಿದ್ದಿತ್ತು. ಯಾರ ಹೆಬ್ಬೆರಳು ಇಟ್ಟರೂ ಸರಿಯಾಗಿ ಕೂರುತ್ತಿತ್ತು. ಕ್ರಿಶ್ಚಿಯನರು ಮಾತ್ರ ಅಲ್ಲ, ನಮ್ಮವರೂ ಹೋಗುತ್ತಿದ್ದರು. ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಕೂಡ ಕಾಲಿಗೆ ಮೊಳೆ ಚುಚ್ಚಿದರೆ ಮೊದಲು ಅಲ್ಲಿಗೇ ಓಡುತ್ತಿದ್ದರು. ನಾನೂ ಒಮ್ಮೆ ಹೋಗಿದ್ದೆ, ವಾಸಿಯೂ ಆಗಿತ್ತು. ಆದರೆ ಅದು ರೋಕನಿಂದಲೋ ಮುಲಾಮಿನಿಂದಲೋ ಎಂದು ನನಗೆ ಅನುಮಾನ ಉಳಿದಿತ್ತು.

ಮೂರ್ತಿಗೆ ಗೆದ್ದಲು ಹಿಡಿದದ್ದು ಜೂನ್ ತಿಂಗಳಲ್ಲಿ ಗೊತ್ತಾಯಿತು. ಹಬ್ಬ ಆಗಸ್ಟಿನಲ್ಲಿ. ಆ ವಠಾರದ ಮುಖಂಡರು ಗ್ರೆಗರಿ ಪೊರ್ಬುಗಳು, ಅವರನ್ನು ಗುರ್ಕಾರ್ ಎನ್ನುತ್ತಾರೆ. ಅವರೂ ಫಾದರೂ ಸೇರಿ ಮೂರ್ತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿ ನಮ್ಮಲ್ಲಿಗೆ ತಂದರು.

ಫಾದರು ಹೊಸಬರು. ‘ಹಾಳಾದದ್ದನ್ನು ತೆಗೆದು ಹೊಸದು ಹಾಕಿ ಆಚಾರ್ರೇ, ಫೆಸ್ತಿಗೆ ಚೆಂದ ಕಾಣಬೇಕು’ ಎಂದರು.

ಗ್ರೆಗರಿ ಪೊರ್ಬುಗಳು ಮಾತ್ರ ಮೂರ್ತಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ನಿಂತರು. ‘ಜಾಗ್ರತೆ ಆಯ್ತಾ. ಇದು ನಮ್ಮ ಅಜ್ಜಂದಿರ ಕಾಲದ್ದು’ ಎಂದರು. ಇವರು ತಲೆಯಾಡಿಸಿದರು.

ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಇವರ ಕೆಲಸ. ದಿನಾ ಸಂಜೆ ನಾನೇ ಅಲ್ಲಿ ದೀಪ ಹಚ್ಚುತ್ತಿದ್ದವಳು. ಆ ಮೂರ್ತಿ ಬಂದ ದಿನದಿಂದ ಇವರು ಬಾಗಿಲು ಹಾಕಿಕೊಂಡರು. ಉಳಿ ಬಿದ್ದ ಹಲಸಿನ ವಾಸನೆ ಮಾತ್ರ ಸಂದಿಯಿಂದ ಹೊರಗೆ ಬರುತ್ತಿತ್ತು. ‘ದೀಪ ನಾನೇ ಇಡ್ತೇನೆ’ ಎಂದರು. ನನಗೆ ಅಲ್ಲಿಂದಲೇ ಶುರುವಾಯಿತು. ರಾತ್ರಿಯ ಊಟವನ್ನೂ ಬಿಟ್ಟರು. ಕೇಳಿದರೆ ಹಸಿವಿಲ್ಲ ಎನ್ನುವುದು. ದಿನವಿಡೀ ಉಳಿ ಹಿಡಿಯುವವನಿಗೆ ಹಸಿವಿಲ್ಲವೆಂದರೆ ಯಾರು ನಂಬುತ್ತಾರೆ? ಎಲ್ಲೋ ಹೊಟೇಲಿನಲ್ಲಿ ಯಾರೋ ತಿನ್ನಿಸುತ್ತಿದ್ದಾರೆ ಎಂದುಕೊಂಡೆ.

ಯಾರೋ ಎಂದರೆ ಯಾರು ಎಂಬುದೂ ನನ್ನ ತಲೆಯಲ್ಲಿತ್ತು. ಆಗ ಮಣಿಪಾಲದ ಕಡೆಯಿಂದ ಒಬ್ಬ ಬಿಳಿ ಕಾರಿನವನು ಬರುತ್ತಿದ್ದ. ಕೆಡವಿದ ಹಳೆ ಮನೆಗಳ ಕಂಬ, ಬಾಗಿಲು, ಹಿತ್ತಾಳೆ ಕೊಪ್ಪರಿಗೆ, ಹಳೆಯದು ಏನಿದ್ದರೂ ಕೊಳ್ಳುವವನು. ಇವರ ಹತ್ತಿರ ಕೆಲವು ಕಂಬಗಳಿಗೆ ಪಾಲಿಶು ಮಾಡಿಸಿಕೊಂಡಿದ್ದ. ಮೂರ್ತಿ ಬಂದ ವಾರದಲ್ಲೇ ಬಂದ. ಮಳೆ ಜೋರಿತ್ತು, ಕೊಟ್ಟಿಗೆಯೊಳಗೆ ಹೋಗಿ ನಿಂತ. ನಾನು ಕಾಫಿ ಕೊಂಡುಹೋದಾಗ ರೋಕನ ಮುಖದ ಬಟ್ಟೆ ಸರಿಸಿ ನೋಡುತ್ತಿದ್ದ.

‘ಇಂಥದ್ದಕ್ಕೆ ಈಗ ಎಷ್ಟು ಬೇಡಿಕೆ ಉಂಟು ಗೊತ್ತುಂಟಾ ಆಚಾರ್ರೇ?’ ಎಂದ.

ಇವರು ಬಟ್ಟೆ ಮುಚ್ಚಿ, ‘ಇದು ಬೇಡ’ ಎಂದರು. ಅಷ್ಟೇ. ಬೇಡ ಎಂದದ್ದು ನನ್ನೆದುರು. ನನ್ನ ಬೆನ್ನ ಹಿಂದೆ ಏನು ಎಂದಿದ್ದರೋ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕಾಫಿಯೂ ಕುಡಿಯದೆ ಹೊರಟರು. ಕಂಕುಳಲ್ಲಿ ಒಂದು ಉದ್ದದ ಗಂಟು, ಹೊಸ ಪಂಚೆಯಲ್ಲಿ ಸುತ್ತಿದ್ದು. ಹಳೆ ಪಂಚೆಗಳು ರಾಶಿ ಬಿದ್ದಿರುವಾಗ ಹೊಸದೇ ಯಾಕೆ ಎಂದು ನನ್ನ ಕಣ್ಣು ಅಲ್ಲಿಗೇ ಹೋಯಿತು.

‘ಎಲ್ಲಿಗೆ?’

‘ಕಾಪುವಿಗೆ.’

‘ಮಾವನಲ್ಲಿಗಾ?’

‘ಹ್ಞಾಂ’ ಎನ್ನುವ ಹಾಗೆ ಏನೋ ಗಂಟಲಲ್ಲೇ ಹೇಳಿ ಕೊಡೆ ಬಿಡಿಸಿದರು. ಕಾಪುವಿನಲ್ಲಿ ಇವರ ಸೋದರಮಾವ ಇದ್ದರು, ಇವರಿಗೆ ಉಳಿ ಹಿಡಿಯಲು ಕಲಿಸಿದವರು. ಮಧ್ಯಾಹ್ನ ದಾಟಿ ತಿರುಗಿ ಬಂದಾಗ ಗಂಟೂ ಇಲ್ಲ, ಪಂಚೆಯೂ ಇಲ್ಲ. ಉಟ್ಟ ಬಟ್ಟೆ ಒದ್ದೆ. ಒಳಗೆ ಬರಲಿಲ್ಲ. ಸುರಿಯುವ ಮಳೆಯಲ್ಲಿ ಬಾವಿಕಟ್ಟೆಗೆ ಹೋಗಿ, ತಲೆಯ ಮೇಲೆ ಕೊಡ ಕೊಡ ನೀರು ಹೊಯ್ದುಕೊಂಡರು. ಮಳೆಯಲ್ಲಿ ನೆನೆದು ಬಂದವರಿಗೆ ಮತ್ತೆ ಸ್ನಾನ ಯಾಕೆ? ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ.

ಹಬ್ಬಕ್ಕೆ ಮೊದಲು ಮೂರ್ತಿ ಕಪೆಲಿಗೆ ಹೋಯಿತು. ನಿಜ ಹೇಳಬೇಕೆಂದರೆ ಚೆಂದವಾಗಿತ್ತು. ಮುಖಕ್ಕೆ ಕಳೆ ಬಂದಿತ್ತು, ನಾಯಿ ಈಗ ಬೊಗಳುತ್ತದೆ ಎನ್ನುವ ಹಾಗಿತ್ತು. ಫಾದರು ಇವರ ಕೈ ಕುಲುಕಿದರು. ಆಮೇಲೆ ಲೂಸಿಬಾಯಿ ಐರಿನ್‌ಳ ಭುಜ ಹಿಡಿದು ಕುಂಟುತ್ತಾ ಮುಂದೆ ಬಂದರು. ಹೆಬ್ಬೆರಳಿಗೆ ಎಣ್ಣೆ ಹಚ್ಚಿ ತೊಡೆಯ ಹುಣ್ಣಿಗೆ ಒತ್ತಿದರು. ಬೆರಳು ಜಾರಿತು. ಮತ್ತೊಮ್ಮೆ ಒತ್ತಿದರು. ಮತ್ತೂ ಜಾರಿತು. ಬಗ್ಗಿ, ಕಣ್ಣು ಹತ್ತಿರ ತಂದು ನೋಡಿದರು.

‘ಇದು ಅಲ್ಲ’ ಎಂದರು.

ಗ್ರೆಗರಿ ಪೊರ್ಬುಗಳು ಬಂದು ಮುಟ್ಟಿ ನೋಡಿದರು. ಸೊಂಟದಿಂದ ಪಾದದವರೆಗೆ ಇಡೀ ಎಡಗಾಲು ಹೊಸದು. ಹುಣ್ಣು ಕೆತ್ತಿತ್ತು, ಬಣ್ಣವೂ ಸರಿ ಇತ್ತು, ಆದರೆ ಗುಳಿ ಇರಲಿಲ್ಲ.

‘ಹಳೆ ಕಾಲು ಎಲ್ಲಿ ಆಚಾರ್ರೇ?’

‘ಗೆದ್ದಲು ತಿಂದಿತ್ತು. ತೆಗೆದೆ.’

‘ತೆಗೆದದ್ದು ಸರಿ. ಎಲ್ಲಿಟ್ಟಿದ್ದೀರಿ? ನಮಗೆ ಅದು ಬೇಕಲ್ಲ. ನಮ್ಮಲ್ಲಿ ಸಂತರ ಎಲುಬಿನ ಚೂರಿಗೂ ಬೆಳ್ಳಿ ಕರಡಿಗೆ ಮಾಡಿಸಿ ಇಡ್ತಾರೆ.’

ಇವರ ಮುಖ ಸುಣ್ಣದ ಹಾಗೆ ಬೆಳ್ಳಗಾದದ್ದನ್ನು ನಾನು ಕಂಡೆ. ಲೂಸಿಬಾಯಿ ನೆಲದಲ್ಲಿ ಕುಳಿತು ಅಳತೊಡಗಿದರು. ಇವರು ಅವರನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಗುಡ್ಡ ಇಳಿದುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದಕ್ಕಿಂತ ಹೆಚ್ಚಾಯಿತು.

ಊರಿಗೆ ಬಿಳಿ ಕಾರು ಬಂದದ್ದು ಎಲ್ಲರಿಗೂ ಗೊತ್ತಿತ್ತು. ಸಂಜೆಯೊಳಗೆ ಕತೆ ತಯಾರು: ಆಚಾರಿ ರೋಕನ ಕಾಲು ಮಾರಿದ್ದಾನೆ. ಮರುದಿನದೊಳಗೆ ಅದು ಬೆಳೆದು, ಇಡೀ ಮೂರ್ತಿಯನ್ನೇ ಮಾರಿ ನಕಲಿ ಕೂರಿಸಿದ್ದಾನೆ ಎಂದಾಯಿತು. ಹಬ್ಬಕ್ಕೆ ರವಿಕೆ ಹೊಲಿಯಲು ಕೊಟ್ಟ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸು ತೆಗೆದುಕೊಂಡು ಹೋದರು. ‘ಅರ್ಜೆಂಟ್ ಇಲ್ಲ ಸುಮತಿ, ಮತ್ತೆ ಕೊಡ್ತೇನೆ’ ಎನ್ನುವುದು, ಮುಖ ಬೇರೆ ಕಡೆ. ನಾಯಿಯೂ ಮುಖ ತಿರುಗಿಸಿದ ಹಾಗೆ ಕಾಣುತ್ತದಂತೆ ಎಂದು ಒಬ್ಬಳು ನನ್ನ ಜಗಲಿಯಲ್ಲೇ ನಿಂತು ಹೇಳಿದಳು. ಮರದ ನಾಯಿ ಎಲ್ಲಿಗೆ ತಿರುಗುತ್ತದೆ ಮಾರಾಯ್ತಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳಿಗೆ ಬೈಯುವ ಹಕ್ಕು ನನಗಿರಲಿಲ್ಲ, ಯಾಕೆಂದರೆ ನನಗೂ ಅದೇ ಸಂಶಯ.

ಸಂಶಯ ಬಂದ ಮೇಲೆ ಸುಮ್ಮನೆ ಕೂರುವ ಜನ್ಮವಲ್ಲ ನನ್ನದು. ನೂಲು ತರುವ ನೆಪ ಹೇಳಿ ಉಡುಪಿಗೆ ಹೋಗಿ, ಅಲ್ಲಿಂದ ಕಾಪುವಿನ ಬಸ್ಸು ಹಿಡಿದೆ. ಮಳೆಗಾಲದ ಕಾಪು, ದೋಣಿಗಳೆಲ್ಲ ಮೇಲೆ ಬಂದು ತೆಂಗಿನ ಗರಿ ಹೊದ್ದುಕೊಂಡಿದ್ದವು. ಕಡಲಿನ ಶಬ್ದ ರಸ್ತೆಯವರೆಗೂ ಕೇಳುತ್ತಿತ್ತು. ಮಾವ ಜಗಲಿಯಲ್ಲಿ ಕುಳಿತು ಸಣ್ಣ ಉಳಿಯೊಂದನ್ನು ಮಸೆಯುತ್ತಿದ್ದರು. ಇವರು ಬಂದು ಹೋದದ್ದು ಗೊತ್ತಿದ್ದವಳ ಹಾಗೆಯೇ ಮಾತು ತೆಗೆದೆ.

‘ಅವತ್ತು ಇವರು ಬಂದಿದ್ದಾಗ ಕೊಡೆ ಇಲ್ಲೇ ಬಿಟ್ಟಿದ್ದಾರಾ ಮಾವ?’

‘ಯಾವತ್ತು?’ ಎಂದರು ಮಾವ. ‘ಅವನ ಮುಖ ನೋಡದೆ ಎರಡು ತಿಂಗಳ ಮೇಲಾಯ್ತು ಮಗಳೇ. ಮಳೆ ಹಿಡಿದ ಮೇಲೆ ಬರಲೇ ಇಲ್ಲ.’

ಮಾವನ ಹೆಂಡತಿ ಒಳಗಿನಿಂದ ಕೇದಗೆ ಎಲೆಯಲ್ಲಿ ಬೇಯಿಸಿದ ಬಿಸಿ ಬಿಸಿ ಮೂಡೆ ತಂದಿಟ್ಟರು. ಒಂದನ್ನೂ ಬಿಡಿಸದೆ ಎದ್ದು ಹೊರಟೆ. ಇಷ್ಟು ವರ್ಷ ಊರಿನ ಎಲ್ಲರನ್ನೂ ಸಂಶಯಿಸಿದ್ದೆ, ಆದರೆ ಅದರಲ್ಲಿ ಒಂದು ಖುಷಿ ಇತ್ತು. ಈ ಸಂಶಯದಲ್ಲಿ ಖುಷಿ ಇರಲಿಲ್ಲ. ನನ್ನ ಲೆಕ್ಕ ಎಲ್ಲಾದರೂ ತಪ್ಪಾಗಲಿ ದೇವರೇ ಎಂದು ಬಸ್ಸಿನಲ್ಲಿ ಕುಳಿತು ಬೇಡಿಕೊಂಡೆ.

ಮನೆಗೆ ಬಂದರೆ ಐರಿನ್ ಜಗಲಿಯಲ್ಲಿ ಕುಳಿತಿದ್ದಳು. ಅತ್ತು ಕಣ್ಣು ಊದಿತ್ತು.

‘ಅಕ್ಕ, ಅಮ್ಮನ ಕಾಲು ಕಪ್ಪಾಗ್ತಾ ಉಂಟು. ಪಾದದವರೆಗೆ ಬಂದಿದೆ. ಕಾಲು ತೆಗೆಯಲೇಬೇಕು, ಇನ್ನು ತಡ ಮಾಡಿದರೆ ಜೀವವೇ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅಮ್ಮ ಬರುವುದೇ ಇಲ್ಲ ಅಂತಾಳೆ. ಹಳೆ ಕಾಲು ಸಿಗ್ತದೆ, ಮಾರಿದ್ದರೆ ಎಲ್ಲೋ ಒಂದು ಕಡೆ ಇರ್ತದಲ್ಲ, ಗುರ್ಕಾರರು ಹುಡುಕ್ತಾ ಇದ್ದಾರೆ, ಅದಕ್ಕೆ ಎಣ್ಣೆ ಒತ್ತಿದ ಮೇಲೆ ನೋಡುವಾ ಅಂತಾಳೆ. ನೀವು ಭಾವನ ಹತ್ತಿರ ಒಂದು ಮಾತು ಕೇಳಿ. ಯಾರಿಗೆ ಕೊಟ್ಟಿದ್ದಾರೆ ಅಂತ ಹೇಳಿದರೆ ಸಾಕು. ನಾವು ಏನೂ ಮಾಡುವುದಿಲ್ಲ.’

ಅವಳು ಹೋದದ್ದೇ ನಾನು ಕೊಟ್ಟಿಗೆಯ ಬಾಗಿಲು ದೂಡಿದೆ. ಇವರು ಕೆಲಸ ಮಾಡದೆ, ಸುಮ್ಮನೆ ಒಂದು ಮರದ ತುಂಡಿನ ಮೇಲೆ ಕುಳಿತಿದ್ದರು.

‘ಕಾಪುವಿನ ಮಾವನ ಮನೆಗೆ ಹೋಗಿದ್ದೆ. ನೀವು ಬರಲೇ ಇಲ್ಲವಂತೆ’ ಎಂದೆ.

ಇವರು ತಲೆಯೆತ್ತಿದರು. ಕೋಪಿಸಿಕೊಳ್ಳಲಿಲ್ಲ. ‘ನೀರಿಗೆ ಬಿಟ್ಟು ಬಂದವನು ಸ್ನಾನ ಮಾಡದೆ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತುವುದುಂಟಾ?’ ಎಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

‘ಜೀರ್ಣವಾದ ಅಂಗವನ್ನು ಇಟ್ಟುಕೊಳ್ಳಬಾರದು. ಅದು ನಮ್ಮ ಪದ್ಧತಿ. ದೈವದ್ದೇ ಆಗಲಿ, ದೇವರದ್ದೇ ಆಗಲಿ. ಒಲೆಗೆ ಹಾಕ್ಲಿಕ್ಕೆ ಆಗ್ತದಾ, ಹಿತ್ತಲಿಗೆ ಬಿಸಾಡ್ಲಿಕ್ಕೆ ಆಗ್ತದಾ? ಒಪ್ಪೊತ್ತು ಊಟ ಮಾಡಿ ಅದನ್ನು ಬಿಡಿಸಿದೆ. ಹೊಸ ಬಟ್ಟೆಯಲ್ಲಿ ಸುತ್ತಿ ಕಡಲಿಗೆ ಕೊಟ್ಟೆ. ಕಾಪುವಿನ ದೀಪಸ್ತಂಭದ ಬಂಡೆಯ ಹಿಂದೆ. ಅಪ್ಪ ಇದ್ದಿದ್ದರೂ ಹಾಗೇ ಮಾಡ್ತಿದ್ದರು. ಮೂರ್ತಿ ಪೀಠಕ್ಕೆ ಏರುವವರೆಗೆ ಅದರ ಮಾತು ಎತ್ತಬಾರದು, ಹಾಗಾಗಿ ನಿನಗೂ ಹೇಳಲಿಲ್ಲ. ಅವರು ಅದನ್ನು ಇಟ್ಟು ಪೂಜಿಸುವವರು ಅಂತ ನನಗೆಲ್ಲಿ ಗೊತ್ತು, ಸುಮತಿ.’

‘ಮಳೆಗಾಲದ ಕಡಲು ಮರವನ್ನು ಇಟ್ಟುಕೊಳ್ತದಾ? ತಿರುಗಿ ದಂಡೆಗೆ ಎಸೆಯುವುದಿಲ್ವಾ?’ ನನ್ನ ಬಾಯಿ ಸುಮ್ಮನಿರಲಿಲ್ಲ.

‘ಕಲ್ಲು ಕಟ್ಟಿದ್ದೆ.’

‘ಮತ್ತೆ ಇದನ್ನು ಅವತ್ತೇ ಎಲ್ಲರೆದುರು ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ? ಊರಿಡೀ ಕಳ್ಳ ಅಂತಾ ಉಂಟು.’

ಇವರು ಕಾಲ ಬಳಿಯ ಉಳಿಯೊಂದನ್ನು ಎತ್ತಿ ಪಕ್ಕಕ್ಕಿಟ್ಟರು. ‘ಲೂಸಿಬಾಯಿ ಅಳುವುದು ಕಂಡಿದ್ದಿ ಅಲ್ವಾ’ ಎಂದರು. ‘ಮಾರಿದ್ದಾನೆ ಅಂದುಕೊಂಡರೆ ಎಲ್ಲೋ ಉಂಟು, ಒಂದು ದಿನ ಸಿಗ್ತದೆ ಅಂತ ಅವರಿಗೊಂದು ಆಸೆ. ಕಡಲಿಗೆ ಹಾಕಿದ್ದೇನೆ ಅಂದರೆ ಅದೂ ಇಲ್ಲ. ಕಳ್ಳ ಅಂತಲೇ ಇರಲಿ ಅಂದುಕೊಂಡೆ.’

ಐರಿನ್ ಹೇಳಿದ್ದನ್ನು ನಾನು ಆಗ ಹೇಳಿದೆ. ಆ ಆಸೆಯೇ ಲೂಸಿಬಾಯಿಯನ್ನು ಮಂಚಕ್ಕೆ ಕಟ್ಟಿಹಾಕಿದೆ, ಕಾಲು ಕಪ್ಪಾಗುತ್ತಾ ಇದೆ ಎಂದೆ. ಇವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು.

ಇವರ ಮಾತಿಗೆ ಸಾಕ್ಷಿ ಏನಿತ್ತು? ಯಾರೂ ನೋಡಿಲ್ಲ. ಬಂಡೆ ಮಾತಾಡುವುದಿಲ್ಲ. ಇವರು ಬರಲೇ ಇಲ್ಲ ಎಂದು ಮಾವ ಹೇಳುತ್ತಾರೆ. ಬಿಳಿ ಕಾರಿನವನಿಗೆ ಕೊಟ್ಟು ಬಂದು ಹೀಗೊಂದು ಕತೆ ಕಟ್ಟುವುದು ಯಾರಿಗೂ ಕಷ್ಟವಲ್ಲ. ಇದೆಲ್ಲ ನನಗೆ ಹೊಳೆಯದೆ ಇರಲಿಲ್ಲ. ಇವತ್ತಿಗೂ ಕಾಪುವಿಗೆ ಹೋದರೆ ನನ್ನ ಕಣ್ಣು ದಂಡೆಯುದ್ದಕ್ಕೂ ಒಮ್ಮೆ ಓಡುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ದಿನ ಕೊಟ್ಟಿಗೆಯಲ್ಲಿ ಮುಖ ಮುಚ್ಚಿ ಕುಳಿತಿದ್ದವರನ್ನು ಬಿಟ್ಟು, ಜಗಲಿಯ ಮೆಷಿನ್ ಮೇಲಿದ್ದ ಅಳತೆಯ ಟೇಪನ್ನು ಅಭ್ಯಾಸಬಲದಿಂದ ಹೆಗಲಿಗೆ ಹಾಕಿಕೊಂಡು, ನಾನು ನೇರ ಲೂಸಿಬಾಯಿಯ ಮನೆಗೆ ನಡೆದೆ.

ಅವರು ಮಲಗಿದ್ದರು. ಕೋಣೆಯಲ್ಲಿ ಹುಣ್ಣಿನ ವಾಸನೆ. ಮಂಚದ ಪಕ್ಕದಲ್ಲಿ ಗ್ರೆಗರಿ ಪೊರ್ಬುಗಳು ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಮುಖ ಗಂಟಿಕ್ಕಿದರು.

‘ಹೇಳಿದರಾ ನಿಮ್ಮವರು?’ ಎಂದರು.

‘ಹಳೆ ಕಾಲು ಬರುವುದಿಲ್ಲ’ ಎಂದೆ. ‘ಮಾರಲಿಲ್ಲ. ಕಾಪುವಿನಲ್ಲಿ ಕಡಲಿಗೆ ಬಿಟ್ಟಿದ್ದಾರೆ. ನಮ್ಮಲ್ಲಿ ಮೂರ್ತಿಯ ಹಾಳಾದ ಭಾಗವನ್ನು ಹಾಗೆಯೇ ಮಾಡುವುದು. ನೀವು ಇಟ್ಟುಕೊಳ್ಳುವವರು ಅಂತ ಅವರಿಗೆ ಗೊತ್ತಿರಲಿಲ್ಲ.’

ಗ್ರೆಗರಿ ಪೊರ್ಬುಗಳು ನಕ್ಕರು. ‘ಯಾರು ನೋಡಿದ್ದು?’

‘ಯಾರೂ ಇಲ್ಲ.’

‘ಹಾಗಾದರೆ ನಾವು ನಂಬಬೇಕು.’

‘ನಾನು ನಂಬಿದ್ದೇನೆ’ ಎಂದೆ. ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಲೂಸಿಬಾಯಿ ಅಷ್ಟು ಹೊತ್ತು ಮೇಲೆ ಮಾಡಿನ ಹೆಂಚು ನೋಡುತ್ತಾ ಮಲಗಿದ್ದವರು ನನ್ನ ಕಡೆ ತಿರುಗಿದರು. ‘ಬಿಟ್ಟು ಬಂದು ಸ್ನಾನ ಮಾಡಿದರಾ?’ ಎಂದು ಕೇಳಿದರು.

‘ಮಾಡಿದರು. ಸುರಿಯುವ ಮಳೆಯಲ್ಲಿ ನಿಂತು. ಮನೆಯಲ್ಲಿ ಸಾವಾದರೆ ಮಾಡುವ ಹಾಗೆ.’

‘ಕಾಲು ಅಷ್ಟು ಹಾಳಾಗಿತ್ತಾ?’

‘ಒಳಗೆಲ್ಲ ಗೆದ್ದಲು ಅಂತೆ ಲೂಸಿಬಾಯಿ. ಹಾಗೇ ಬಿಟ್ಟಿದ್ದರೆ ಸೊಂಟಕ್ಕೆ ಏರಿ, ಮೂರ್ತಿಯೇ ಉಳಿಯುತ್ತಿರಲಿಲ್ಲ.’

ಇಷ್ಟು ಹೇಳಿದ ಮೇಲೆ ನಾನೇನು ಹೇಳಿದೆ ಎಂದು ನನಗೇ ಕೇಳಿಸಿತು. ಐರಿನ್ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಲೂಸಿಬಾಯಿ ಕಣ್ಣು ಮುಚ್ಚಿದರು. ಅವರ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ.

‘ಅವನೂ ಕೊಟ್ಟನಲ್ಲ’ ಎಂದರು ಕೊನೆಗೆ. ‘ಇಷ್ಟು ಜನರ ಹುಣ್ಣು ಮಾಯಿಸಿದವನು, ತನ್ನ ಕಾಲು ಕೊಟ್ಟು ಉಳಿದುಕೊಂಡ. ನಾನು ಅವನಿಗಿಂತ ದೊಡ್ಡವಳಾ? ಐರಿನ್, ರಿಕ್ಷಾದವನಿಗೆ ಹೇಳು. ಮಣಿಪಾಲಕ್ಕೆ ಹೋಗುವಾ.’

ರಿಕ್ಷಾ ಬಂದಾಗ ಮಳೆ ಸಣ್ಣಗಾಗಿತ್ತು. ಗ್ರೆಗರಿ ಪೊರ್ಬುಗಳೇ ಒಂದು ಕಡೆ ಹಿಡಿದರು, ನಾನೊಂದು ಕಡೆ. ಇವರು ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು, ದಾಟಿ ಬರಲು ಧೈರ್ಯವಿಲ್ಲದೆ. ಸುತ್ತಲಿನ ಮನೆಗಳ ಹೆಂಗಸರು ಜಗಲಿಗೆ ಬಂದು ನೋಡುತ್ತಿದ್ದರು, ನನ್ನಿಂದ ರವಿಕೆ ಬಟ್ಟೆ ವಾಪಸು ಪಡೆದವರೂ ಅಲ್ಲಿದ್ದರು. ಲೂಸಿಬಾಯಿ ರಿಕ್ಷಾದಲ್ಲಿ ಕುಳಿತು, ಕೈ ಬೀಸಿ ಇವರನ್ನು ಕರೆದರು. ಎಲ್ಲರಿಗೂ ಕೇಳುವ ಹಾಗೆ ಕರೆದರು.

‘ಬನ್ನಿ ಆಚಾರ್ರೇ. ಅಲ್ಲಿಂದ ಬಂದ ಮೇಲೆ ನನಗೊಂದು ಹೊಸ ಕಾಲು ಬೇಕಾಗ್ತದೆ. ಈಗಲೇ ಅಳತೆ ತೆಗೆದುಕೊಳ್ಳಿ.’

ಇವರು ನನ್ನ ಹೆಗಲಿನಿಂದ ಟೇಪು ಎಳೆದುಕೊಂಡರು. ಕೆಸರಿನಲ್ಲೇ ಮೊಣಕಾಲೂರಿ ಕುಳಿತು, ಲೂಸಿಬಾಯಿಯ ಸರಿಯಿದ್ದ ಬಲಗಾಲನ್ನು ಅಂಗೈ ಮೇಲೆ ಇಟ್ಟುಕೊಂಡು, ಪಾದದಿಂದ ಮೊಣಗಂಟಿನವರೆಗೆ ಅಳೆದರು. ಒಮ್ಮೆ ಅಳತೆ ತಪ್ಪಿತು, ಮತ್ತೆ ಅಳೆದರು. ಗ್ರೆಗರಿ ಪೊರ್ಬುಗಳು ತಮ್ಮ ಕೊಡೆಯನ್ನು ತಂದು ಇವರ ತಲೆಯ ಮೇಲೆ ಹಿಡಿದು ನಿಂತರು.